ಮರೆಗುಳಿ ಕಾಯಿಲೆಯವರ ನೆಮ್ಮದಿಗೆ ವರ್ಚುವಲ್ ರಿಯಾಲಿಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಮೆನ್ಶಿಯಾ, ಅಂದರೆ ಮರೆಗುಳಿ ಕಾಯಿಲೆ, ಇರುವ ತಂದೆ, ತಾಯಿ, ಅಜ್ಜ, ಅಜ್ಜಿ ಅಥವಾ ಸಂಗಾತಿಯನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರಿಗಾಗಿ ಮತ್ತು ಹಿರಿಯರ ಆರೈಕೆ ಕೇಂದ್ರಗಳ ಸಿಬ್ಬಂದಿಗಾಗಿ ಈ ಪ್ರಶ್ನೋತ್ತರವನ್ನು ಸಿದ್ಧಪಡಿಸಲಾಗಿದೆ. ಹೆಡ್‌ಸೆಟ್ ಕೊಳ್ಳುವ ಮೊದಲೇ ಇದನ್ನು ಓದಿದರೆ ಹೆಚ್ಚು ಪ್ರಯೋಜನವಾಗುತ್ತದೆ.

ವರ್ಚುವಲ್ ರಿಯಾಲಿಟಿ (ವಿಆರ್) ಎಂದರೇನು?

ಕಣ್ಣಿನ ಮೇಲೆ ಕಟ್ಟಿಕೊಳ್ಳುವ ಹೆಡ್‌ಸೆಟ್‌ನ ಒಳಗೆ ಎರಡು ಮಸೂರಗಳೂ ಅವುಗಳ ಹಿಂದೆ ಪರದೆಯೂ ಇರುತ್ತವೆ. ತಲೆ ಯಾವ ಕಡೆಗೆ ತಿರುಗಿತು ಎಂಬುದನ್ನು ಉಪಕರಣ ಕ್ಷಣಕ್ಷಣಕ್ಕೂ ಅಳೆದು, ದೃಶ್ಯವನ್ನು ಅದಕ್ಕೆ ತಕ್ಕಂತೆ ಬದಲಿಸುತ್ತದೆ. ಹೀಗಾಗಿ ನೋಡುವವರಿಗೆ ಚಿತ್ರವನ್ನು ಎದುರಿಗಿಟ್ಟುಕೊಂಡು ನೋಡಿದಂತೆ ಅನ್ನಿಸದೆ, ತಾವೇ ಆ ಜಾಗದ ನಡುವೆ ಕುಳಿತಂತೆ ಅನ್ನಿಸುತ್ತದೆ. ಹಿರಿಯರ ಆರೈಕೆಯಲ್ಲಿ ಬಳಸುವುದು ಹೆಚ್ಚಾಗಿ 360 ಡಿಗ್ರಿ ವಿಡಿಯೊಗಳನ್ನು, ಅಂದರೆ ಸುತ್ತಲೂ ಎಲ್ಲ ದಿಕ್ಕಿಗೂ ತಿರುಗಿ ನೋಡಬಹುದಾದ ವಿಡಿಯೊಗಳನ್ನು. ಗುಂಡಿ ಒತ್ತುವ, ಗುರಿ ಮುಟ್ಟುವ ಆಟಗಳ ಅಗತ್ಯ ಇಲ್ಲಿಲ್ಲ.

ಇದರಿಂದ ಕಾಯಿಲೆ ವಾಸಿಯಾಗುತ್ತದೆಯೇ? ಹೋದ ನೆನಪು ಮರಳುತ್ತದೆಯೇ?

ಇಲ್ಲ. ಡಿಮೆನ್ಶಿಯಾ ಎಂಬುದು ಮಿದುಳಿನ ಹಲವು ಕಾಯಿಲೆಗಳಿಂದ ಉಂಟಾಗುವ ಸ್ಥಿತಿ. ಅದರಲ್ಲಿ 60ರಿಂದ 70 ಶೇಕಡಾ ಪ್ರಕರಣಗಳಿಗೆ ಆಲ್‌ಝೈಮರ್ಸ್ ಕಾಯಿಲೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಕಾಯಿಲೆಯಲ್ಲಿ ನಶಿಸಿದ ನರಕೋಶಗಳನ್ನು ಯಾವ ಹೆಡ್‌ಸೆಟ್ಟೂ ಹಿಂದಕ್ಕೆ ತರಲಾರದು, ಮತ್ತು ಹಾಗೆಂದು ಹೇಳಿ ಮಾರುವವರನ್ನು ನಂಬಬಾರದು. ವೈದ್ಯರು ಕೊಟ್ಟ ಔಷಧಿಯನ್ನು ಇದರ ಭರವಸೆಯಲ್ಲಿ ನಿಲ್ಲಿಸಲೂ ಬಾರದು.

ಭಾರತದಲ್ಲಿ 60 ವರ್ಷ ದಾಟಿದವರಲ್ಲಿ 7.4 ಶೇಕಡಾ ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಇವರಲ್ಲಿ ಅನೇಕರ ದಿನಗಳು ಮನೆಯ ನಾಲ್ಕು ಗೋಡೆಗಳ ನಡುವೆ, ಒಂದೇ ಕುರ್ಚಿಯಲ್ಲಿ, ಒಂದೇ ಕಿಟಕಿಯ ಮುಂದೆ ಕಳೆಯುತ್ತವೆ. ವಾಸಿ ಮಾಡಲಾಗದ ಕಾಯಿಲೆಯಲ್ಲಿ ಇವತ್ತಿನ ದಿನವನ್ನು ಹಸನು ಮಾಡುವುದೂ ಆರೈಕೆಯೇ ಎಂದು ಒಪ್ಪಿಕೊಂಡವರಿಗೆ ಮಾತ್ರ ವಿಆರ್‌ನ ನಿಜವಾದ ಉಪಯೋಗ ಕಾಣುತ್ತದೆ.

ಹಾಗಾದರೆ ಪ್ರಯೋಜನವೇನು? ಅಧ್ಯಯನಗಳು ಏನು ಹೇಳುತ್ತವೆ?

ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದ ಸಂಶೋಧಕರು ನಾರ್ಥಾಂಪ್ಟನ್‌ನ ಮನೋವೈದ್ಯಕೀಯ ಆಸ್ಪತ್ರೆಯೊಂದರಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯವಾದುದು. ಅದರಲ್ಲಿ ಭಾಗವಹಿಸಿದವರು ಡಿಮೆನ್ಶಿಯಾ ಇದ್ದ, 41ರಿಂದ 88 ವರ್ಷದ ಎಂಟು ಮಂದಿ. ಬೀಗ ಹಾಕಿದ ವಾರ್ಡಿನಲ್ಲಿದ್ದ ಅವರಿಗೆ ಹೊರಗೆ ಹೋಗುವ ಅವಕಾಶ ಬಹಳ ಕಡಿಮೆಯಿತ್ತು. ಚರ್ಚು, ಕಾಡು, ಮರಳಿನ ತೀರ, ಬಂಡೆಗಳ ತೀರ, ಹಳ್ಳಿಗಾಡು ಎಂಬ ಐದು ದೃಶ್ಯಗಳಲ್ಲಿ ತಮಗೆ ಬೇಕಾದುದನ್ನು ಅವರೇ ಆರಿಸಿಕೊಂಡರು. ಒಬ್ಬರಿಗೆ ದೃಶ್ಯದಲ್ಲಿದ್ದ ಸೇತುವೆಯನ್ನು ಕಂಡು ತಾವು ಹಿಂದೆ ಹೋಗಿದ್ದ ಪ್ರವಾಸದ ನೆನಪು ಬಂತು. ಚಿತ್ರಕಲೆಯ ತರಗತಿಯತ್ತ ಸುಳಿಯುವುದೇ ಅಪರೂಪವಾಗಿದ್ದ ಇನ್ನೊಬ್ಬರು ಕಡಲ ತೀರವನ್ನು ನೋಡಿದ ಕೆಲವು ವಾರಗಳ ನಂತರ ಆ ತರಗತಿಗೆ ಬಂದು ಕುಳಿತು ಕಡಲಿನ ಚಿತ್ರವನ್ನೇ ಬರೆದರು. ಭಾಗವಹಿಸಿದವರ ಹಿಂದಿನ ಬದುಕಿನ ಬಗ್ಗೆ ಸಿಬ್ಬಂದಿಗೂ ಹೊಸ ಸಂಗತಿಗಳು ತಿಳಿದವು. ನನ್ನ ದೃಷ್ಟಿಯಲ್ಲಿ ಈ ಅಧ್ಯಯನದ ಅತ್ಯಂತ ಬೆಲೆಬಾಳುವ ಫಲ ಇದೇ.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 66 ಹಿರಿಯರಿಗೆ ಪ್ರಕೃತಿಯ 360 ಡಿಗ್ರಿ ವಿಡಿಯೊಗಳನ್ನು ತೋರಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಲೆಸುತ್ತು, ದಿಕ್ಕು ತಪ್ಪುವಿಕೆಯಂತಹ ತೊಂದರೆಗಳು ಕಾಣಿಸಲಿಲ್ಲ. ಬಂದ ದೂರು ಹೆಚ್ಚಾಗಿ ಹೆಡ್‌ಸೆಟ್ ಹಾಕಿಕೊಂಡಾಗ ಆಗುವ ಕಿರಿಕಿರಿಯದು. ಫ್ರಾನ್ಸಿನ ನೀಸ್ ನಗರದಲ್ಲಿ 57 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಬಗೆಯ ಗಮನದ ಅಭ್ಯಾಸವನ್ನು ಕಾಗದದ ಮೇಲೆ ಮಾಡುವುದಕ್ಕಿಂತ ವಿಆರ್‌ನಲ್ಲಿ ಮಾಡುವುದನ್ನೇ ಅವರು ಇಷ್ಟಪಟ್ಟರು.

ಆದರೆ ಆಸ್ಟ್ರೇಲಿಯಾದ ವಿಕ್ಟೋರಿಯಾದಿಂದ ಬಂದ ಎಚ್ಚರಿಕೆಯನ್ನೂ ಇದರ ಜೊತೆಗೇ ಓದಬೇಕು. ಅಲ್ಲಿನ ಆರೈಕೆ ಕೇಂದ್ರಗಳಲ್ಲಿ ದೊಡ್ಡ ಪರದೆಯ ಮೇಲೆ, ಕೈಸನ್ನೆಗೆ ಸ್ಪಂದಿಸುವ ಕಾಡಿನ ದೃಶ್ಯವನ್ನು ಹತ್ತು ಮಂದಿಗೆ ತೋರಿಸಿದಾಗ ಅವರಲ್ಲಿ ಸಂತೋಷವೂ ಎಚ್ಚರವೂ ಹೆಚ್ಚಿದ್ದು ನಿಜ, ಆದರೆ ಜೊತೆಯಲ್ಲೇ ಭಯ ಮತ್ತು ಆತಂಕವೂ ಸಾಮಾನ್ಯಕ್ಕಿಂತ ಹೆಚ್ಚು ಕಂಡುಬಂತು. ಒಟ್ಟಿನಲ್ಲಿ ಈ ಅಧ್ಯಯನಗಳು ಚಿಕ್ಕವು, ಕಡಿಮೆ ಅವಧಿಯವು. ನೋಡುವ ಹೊತ್ತಿನಲ್ಲೂ ಅದರ ಬೆನ್ನಿಗೂ ಮನಸ್ಸು ಹಗುರಾಗುತ್ತದೆ, ಮಾತು ಹುಟ್ಟುತ್ತದೆ ಎಂಬಷ್ಟನ್ನು ಅವುಗಳ ಆಧಾರದ ಮೇಲೆ ಹೇಳಬಹುದು. ಅದಕ್ಕಿಂತ ದೊಡ್ಡ ಮಾತು ಆಡುವುದು ಸರಿಯಲ್ಲ.

ಟಿವಿಯಲ್ಲೇ ತೋರಿಸಿದರೆ ಸಾಲದೇ?

ಎಷ್ಟೋ ಜನರಿಗೆ ಸಾಕು. ಹೆಡ್‌ಸೆಟ್‌ನ ವಿಶೇಷವೆಂದರೆ ಸುತ್ತಲಿನ ಗಲಾಟೆ, ಓಡಾಟ, ಮಿನುಗುವ ದೀಪ ಯಾವುದೂ ಗಮನವನ್ನು ಸೆಳೆಯುವುದಿಲ್ಲ. ಟಿವಿಯ ಮುಂದೆ ಎರಡು ನಿಮಿಷ ಕೂರದವರು ಹೆಡ್‌ಸೆಟ್ ಹಾಕಿಕೊಂಡು ಹೆಚ್ಚು ಹೊತ್ತು ನೋಡುವುದುಂಟು. ಆದರೆ ಟಿವಿಯನ್ನು ಇಬ್ಬರೂ ಕೂಡಿ ನೋಡಬಹುದು, ಹೆಡ್‌ಸೆಟ್ ಒಬ್ಬರನ್ನು ಒಳಗೆ ಕಳಿಸಿ ಇನ್ನೊಬ್ಬರನ್ನು ಹೊರಗೆ ನಿಲ್ಲಿಸುತ್ತದೆ. ಈ ಕೊರತೆಯನ್ನು ನೀಗಿಸಲು, ಹೆಡ್‌ಸೆಟ್‌ನ ದೃಶ್ಯವನ್ನು ಫೋನಿಗೋ ಟಿವಿಗೋ ಬರುವಂತೆ ಜೋಡಿಸಿಕೊಳ್ಳಲೇಬೇಕು. ಅವರು ಏನನ್ನು ನೋಡುತ್ತಿದ್ದಾರೆ ಎಂಬುದು ನಿಮಗೆ ಕಾಣದಿದ್ದರೆ ಮಾತು ಮುಂದುವರಿಯುವುದಿಲ್ಲ, ಹೆದರಿದಾಗ ಯಾವುದಕ್ಕೆ ಹೆದರಿದರು ಎಂಬುದೂ ತಿಳಿಯುವುದಿಲ್ಲ.

ಯಾರಿಗೆ ಹೆಡ್‌ಸೆಟ್ ಹಾಕಬಾರದು?

ಫಿಟ್ಸ್ ಬಂದ ಇತಿಹಾಸ ಇರುವವರಿಗೆ ವೈದ್ಯರ ಅನುಮತಿಯಿಲ್ಲದೆ ಹಾಕಬಾರದು; ಡಿಮೆನ್ಶಿಯಾ ಇರುವವರಲ್ಲಿ ಫಿಟ್ಸ್ ಬರುವ ಸಾಧ್ಯತೆ ಮೊದಲೇ ಸ್ವಲ್ಪ ಹೆಚ್ಚು. ಪೇಸ್‌ಮೇಕರ್ ಅಥವಾ ದೇಹದೊಳಗೆ ಅಳವಡಿಸಿದ ಬೇರೆ ವೈದ್ಯಕೀಯ ಸಾಧನ ಇರುವವರೂ ಮೊದಲು ತಮ್ಮ ವೈದ್ಯರನ್ನು ಕೇಳಬೇಕು, ಏಕೆಂದರೆ ಹೆಡ್‌ಸೆಟ್ ಮತ್ತು ಅದರ ಕೈಹಿಡಿಗಳಲ್ಲಿ ಆಯಸ್ಕಾಂತಗಳೂ ರೇಡಿಯೊ ತರಂಗಗಳೂ ಇರುತ್ತವೆ. ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಶಿಯಾದಲ್ಲಿ ಇಲ್ಲದ ಮನುಷ್ಯರು, ಪ್ರಾಣಿಗಳು ಕಣ್ಣಿಗೆ ಕಾಣಿಸುವುದು ಸಾಮಾನ್ಯ. ಅಂಥವರಿಗೆ ಇನ್ನೊಂದು ಇಲ್ಲದ ಲೋಕವನ್ನು ತೋರಿಸುವುದು ಗೊಂದಲವನ್ನು ಹೆಚ್ಚಿಸಬಹುದು. ತೀವ್ರ ತಲೆಸುತ್ತು, ಕುತ್ತಿಗೆ ನೋವು, ಮುಖದ ಮೇಲೆ ಗಾಯ, ಕಣ್ಣಿನ ಶಸ್ತ್ರಚಿಕಿತ್ಸೆಯಾದ ಹೊಸತು, ಜ್ವರ ಅಥವಾ ಯಾವುದೇ ಸೋಂಕು ಇದ್ದಾಗ ಮುಂದೂಡುವುದು ಒಳ್ಳೆಯದು. ಮುಖಕ್ಕೆ ಏನಾದರೂ ತಾಗಿದರೆ ಬೆಚ್ಚಿಬೀಳುವವರಿಗೆ ಒತ್ತಾಯ ಮಾಡಲೇಬಾರದು.

ಮೊದಲ ಸಲ ತೋರಿಸುವುದು ಹೇಗೆ?

ಹೊತ್ತನ್ನು ಆರಿಸುವುದರಿಂದಲೇ ಕೆಲಸ ಆರಂಭವಾಗುತ್ತದೆ. ತಿಂಡಿ ಮುಗಿದು, ಶೌಚವಾಗಿ, ಮನಸ್ಸು ತಿಳಿಯಾಗಿರುವ ಬೆಳಗಿನ ಹೊತ್ತು ಒಳ್ಳೆಯದು. ಮರೆಗುಳಿ ಕಾಯಿಲೆಯವರಲ್ಲಿ ಅನೇಕರಿಗೆ ಸಂಜೆ ಬೆಳಕು ಇಳಿಯುತ್ತಿದ್ದಂತೆ ಚಡಪಡಿಕೆ ಹೆಚ್ಚಾಗುತ್ತದೆ, “ಮನೆಗೆ ಹೋಗಬೇಕು” ಎಂದು ಬಾಗಿಲ ಬಳಿ ಹೋಗಿ ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ಹೊಸ ಪ್ರಯೋಗ ಬೇಡ.

ಎರಡೂ ಕಡೆ ಕೈಯಿರುವ, ಚಕ್ರವಿಲ್ಲದ, ಅಲುಗಾಡದ ಕುರ್ಚಿಯಲ್ಲಿ ಕೂರಿಸಿ. ತಿರುಗುವ ಕುರ್ಚಿ ಸುತ್ತಲೂ ನೋಡಲು ಅನುಕೂಲವೆಂದು ತೋರಿದರೂ ಏಳುವಾಗ ಬೀಳಿಸುತ್ತದೆ. ಹೆಡ್‌ಸೆಟ್ಟನ್ನು ಮೊದಲು ಅವರ ಕೈಗೆ ಕೊಡಿ, ತಿರುಗಿಸಿ ನೋಡಲಿ, ತೂಕ ತಿಳಿಯಲಿ. ಅರ್ಧ ಕಿಲೋ ತೂಗುವ ವಸ್ತುವೊಂದು ಹೇಳದೆ ಕೇಳದೆ ಮುಖದ ಮೇಲೆ ಬಂದು ಕೂತರೆ ಯಾರಿಗೂ ಹಿತವಾಗದು. ನೀವೇ ಒಮ್ಮೆ ಹಾಕಿಕೊಂಡು ತೋರಿಸಿ. ಬಳಿಕ ಪಟ್ಟಿ ಕಟ್ಟದೆ, ಕನ್ನಡಕದಂತೆ ಅವರೇ ಎರಡೂ ಕೈಯಲ್ಲಿ ಹಿಡಿದು ಇಣುಕಿ ನೋಡಲಿ. ಬೇಡವೆನಿಸಿದ ಕ್ಷಣ ಕೈ ಇಳಿಸಿದರೆ ಸಾಕು ಎಂಬ ಧೈರ್ಯ ಇದರಿಂದ ಬರುತ್ತದೆ. “ಅಮ್ಮಾ, ಇದರೊಳಗೆ ಸಮುದ್ರ ಕಾಣ್ಸುತ್ತೆ. ನೋಡ್ತೀಯಾ? ಬೇಡ ಅನ್ನಿಸಿದ್ರೆ ತೆಗೆದುಬಿಡೋಣ” ಎನ್ನುವಷ್ಟು ಸರಳವಾದ ಮಾತು ಸಾಕು, ವರ್ಚುವಲ್ ರಿಯಾಲಿಟಿ ಏನೆಂದು ವಿವರಿಸುವ ಅಗತ್ಯವಿಲ್ಲ.

ಮೊದಲ ಸಲ ಮೂರು ನಿಮಿಷಕ್ಕೆ ನಿಲ್ಲಿಸಿ, ರೂಢಿಯಾದ ಮೇಲೂ ಹತ್ತು ನಿಮಿಷದ ಆಸುಪಾಸಿನಲ್ಲೇ ಇರಿಸಿ. ನೋಡುತ್ತಿರುವಾಗ ಪಕ್ಕದಲ್ಲೇ ಕುಳಿತು, ಅವರಿಗೆ ಇಷ್ಟವಿದ್ದರೆ ಕೈ ಹಿಡಿದುಕೊಂಡು, “ಅಲ್ಲಿ ಎಡಗಡೆ ಏನಿದೆ?” ಎಂದು ಆಗಾಗ ಕೇಳುತ್ತಿರಿ. ಅವರ ಬೆರಳುಗಳ ಮೇಲೆ ಕಣ್ಣಿರಲಿ. ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿಯುವುದು, ಹೆಡ್‌ಸೆಟ್‌ನತ್ತ ಕೈ ಒಯ್ಯುವುದು, ಮಾತಾಡುತ್ತಿದ್ದವರು ಥಟ್ಟನೆ ಮೌನವಾಗುವುದು, ಹಣೆಯಲ್ಲಿ ಬೆವರು, ಆಕಳಿಕೆ, ಬಿಳಿಚಿದ ತುಟಿ ಇವು ನಿಲ್ಲಿಸಬೇಕಾದ ಸೂಚನೆಗಳು.

ತೆಗೆಯುವ ಬಗೆಗೆ ಜನ ಸಾಕಷ್ಟು ಗಮನ ಕೊಡುವುದಿಲ್ಲ. ಕಡಲ ತೀರದಲ್ಲಿದ್ದವರು ಮರುಕ್ಷಣ ಮಲಗುವ ಕೋಣೆಯಲ್ಲಿದ್ದರೆ ತಾವು ಎಲ್ಲಿದ್ದೇವೆಂದೇ ತಿಳಿಯದೆ ಗಾಬರಿಯಾಗುತ್ತಾರೆ. ಮೊದಲು ದನಿಯನ್ನು ತಗ್ಗಿಸಿ, ಹೆಸರು ಅಥವಾ ಸಂಬಂಧ ಹೇಳಿ ಕರೆದು, ಭುಜದ ಮೇಲೆ ಕೈಯಿಟ್ಟು, “ಅಮ್ಮಾ, ನಾವು ಮನೇಲೇ ಇದೀವಿ, ಈಗ ತೆಗೀತೀನಿ” ಎಂದು ಹೇಳಿ ಆಮೇಲೆ ತೆಗೆಯಿರಿ. ಕೂಡಲೇ ಎಬ್ಬಿಸಬೇಡಿ. ಕಾಫಿಯನ್ನೋ ಮಜ್ಜಿಗೆಯನ್ನೋ ಕೊಟ್ಟು ಒಂದಷ್ಟು ಹೊತ್ತು ಅಲ್ಲೇ ಮಾತಾಡಿಸಿ. ಈ ಮಾತಿಗಾಗಿಯೇ ಉಳಿದದ್ದೆಲ್ಲ ಇರುವುದು. ಹೆಡ್‌ಸೆಟ್ ಹಾಕಿ ಅಡುಗೆಮನೆಗೆ ಹೋಗಿ ಕೆಲಸ ಮಾಡಿಕೊಳ್ಳುವುದಾದರೆ ಅದನ್ನು ಹಾಕದಿರುವುದೇ ಮೇಲು.

ಏನನ್ನು ತೋರಿಸಬೇಕು?

ಆ ವ್ಯಕ್ತಿ ಬದುಕಿದ ಜಾಗಗಳನ್ನು, ಪ್ರೀತಿಸಿದ ಕೆಲಸಗಳನ್ನು. ಬ್ರಿಟನ್ನಿನಲ್ಲಿ 1953ರ ರಾಣಿಯ ಪಟ್ಟಾಭಿಷೇಕದ ದಿನ ಬೀದಿಯಲ್ಲಿ ನಡೆದ ಸಂಭ್ರಮವನ್ನು ಪಾತ್ರಧಾರಿಗಳಿಂದ ಮರುಸೃಷ್ಟಿಸಿ, ಡಿಮೆನ್ಶಿಯಾ ಇರುವವರಿಗೆಂದೇ ವಿಆರ್ ಚಿತ್ರವೊಂದನ್ನು ತಯಾರಿಸಿದ್ದಾರೆ. ಅಲ್ಲಿನ ಆ ತಲೆಮಾರಿಗೆ ಅದು ಎಳೆತನದ ನೆನಪು. ಆದರೆ ಕುಂದಾಪುರದ ಅಜ್ಜಿಗೋ ಗದಗಿನ ಅಜ್ಜನಿಗೋ ಆ ಬೀದಿ ಏನನ್ನೂ ಹೇಳುವುದಿಲ್ಲ. ಸಿದ್ಧವಾಗಿ ಸಿಗುವ ವಿಡಿಯೊಗಳಲ್ಲಿ ಪೆಂಗ್ವಿನ್ನುಗಳೂ ಹಿಮದ ಪರ್ವತಗಳೂ ಹೇರಳವಾಗಿವೆ, ಹಿನ್ನೆಲೆಯ ಮಾತೆಲ್ಲ ಇಂಗ್ಲಿಷಿನಲ್ಲಿದೆ. ಮಾತಿಲ್ಲದ, ಕೇವಲ ನೀರಿನ, ಹಕ್ಕಿಗಳ ಸದ್ದಿರುವ ವಿಡಿಯೊಗಳನ್ನು ಆರಿಸಿ, ವಿವರಣೆಯನ್ನು ನೀವೇ ನಿಮ್ಮ ಮನೆಯ ಕನ್ನಡದಲ್ಲಿ ಕೊಡುವುದು ಸದ್ಯಕ್ಕೆ ಉತ್ತಮ ದಾರಿ.

ಕ್ಯಾಮೆರಾ ಅಲುಗಾಡುವ, ಓಡುವ, ಹಾರುವ ವಿಡಿಯೊಗಳು ಬೇಡ. ಕಣ್ಣು ಚಲನೆಯನ್ನು ಕಾಣುತ್ತಿರುವಾಗ ಒಳಕಿವಿ ದೇಹ ನಿಶ್ಚಲವಾಗಿದೆಯೆಂದು ಹೇಳುತ್ತದೆ. ಇವೆರಡರ ಹೊಂದಿಕೆ ತಪ್ಪಿದಾಗ ಓಕರಿಕೆ, ತಲೆಸುತ್ತು ಬರುತ್ತವೆ. ಎತ್ತರದ ಬಂಡೆ, ಸೇತುವೆಯ ಅಂಚು, ಒಮ್ಮೆಗೇ ಹತ್ತಿರ ಬರುವ ಪ್ರಾಣಿ, ನೀರಿನೊಳಗಿನ ದೃಶ್ಯ, ಗಿಜಿಗುಟ್ಟುವ ಜಾತ್ರೆ ಇವುಗಳನ್ನು ಮೊದಲ ದಿನಗಳಲ್ಲಿ ದೂರವಿಡಿ. ಕೆಳಗೆ ನೋಡಿದಾಗ ತಮ್ಮ ಕೈಕಾಲು ಕಾಣದಿದ್ದರೂ ಕೆಲವರು ಕಳವಳಪಡುತ್ತಾರೆ. ಆಗ ಅವರ ಮಂಡಿಯ ಮೇಲೆ ಕೈಯಿಟ್ಟರೆ ಸಮಾಧಾನವಾಗುತ್ತದೆ.

ನಮ್ಮ ಊರಿನ ಮನೆಯನ್ನೇ ಚಿತ್ರೀಕರಿಸಿ ತೋರಿಸಬಹುದೇ?

ಖಂಡಿತ, ಸಾಧ್ಯವಿದ್ದರೆ ಅದನ್ನೇ ಮಾಡಿ. ಎರಡು ಕಡೆಯೂ ಮಸೂರವಿರುವ 360 ಡಿಗ್ರಿ ಕ್ಯಾಮೆರಾ ಬಾಡಿಗೆಗೂ ಸಿಗುತ್ತದೆ. ಅದನ್ನು ಸ್ಟ್ಯಾಂಡಿನ ಮೇಲೆ, ಕುಳಿತವರ ಕಣ್ಣಿನ ಎತ್ತರಕ್ಕೆ, ಅಂದರೆ ನೆಲದಿಂದ ಸುಮಾರು ನಾಲ್ಕು ಅಡಿಗೆ ನಿಲ್ಲಿಸಿ. ನಿಂತವರ ಎತ್ತರಕ್ಕೆ ಇಟ್ಟರೆ ಕುಳಿತು ನೋಡುವವರಿಗೆ ತಾವು ಗಾಳಿಯಲ್ಲಿ ತೇಲುತ್ತಿರುವಂತೆ ತೋರುತ್ತದೆ. ಸ್ಟ್ಯಾಂಡ್ ವಾಲಿದರೆ ಇಡೀ ಅಂಗಳವೇ ವಾಲುತ್ತದೆ, ಆದ್ದರಿಂದ ನೆಲ ಸಮತಟ್ಟಾಗಿರುವ ಜಾಗ ಹುಡುಕಿ. ಎರಡು ಮಸೂರಗಳ ಚಿತ್ರ ಸೇರುವ ಗೆರೆಯಲ್ಲಿ ಹತ್ತಿರದ ವಸ್ತುಗಳು ಮುರಿದಂತೆ ಕಾಣುವುದರಿಂದ ಯಾರೂ ಕ್ಯಾಮೆರಾಕ್ಕೆ ನಾಲ್ಕೈದು ಅಡಿಗಿಂತ ಹತ್ತಿರ ಬಾರದಿರಲಿ.

ಆಮೇಲೆ ಅದನ್ನು ಅಲುಗಿಸದೆ ಹತ್ತು ನಿಮಿಷ ಓಡಲು ಬಿಡಿ. ಅಂಗಳದಲ್ಲಿ ಅಡಿಕೆ ಹರವಿದ್ದರೆ ಯಾರಾದರೂ ಎಂದಿನಂತೆ ಕಾಲಾಡಿಸಲಿ, ಬಾವಿಕಟ್ಟೆಯಲ್ಲಿ ರಾಟೆ ಕಿರುಗುಟ್ಟಲಿ, ಒಳಗಿನಿಂದ ಒಗ್ಗರಣೆಯ ಸದ್ದು ಬರಲಿ. ಯಾರೂ ಕ್ಯಾಮೆರಾದತ್ತ ಕೈ ಬೀಸಿ “ಹೇಗಿದ್ದೀರಿ, ನನ್ನ ಗುರುತು ಸಿಕ್ಕಿತೇ?” ಎಂದು ಕೇಳಬೇಡಿ, ಗುರುತು ಸಿಗದಿದ್ದರೆ ಆ ಪ್ರಶ್ನೆ ಚುಚ್ಚುತ್ತದೆ. ಹೆಂಚು ಹೋಗಿ ಆರ್‌ಸಿಸಿ ಬಂದು, ಹಳೆಯ ಮನೆ ಗುರುತೇ ಸಿಗದಷ್ಟು ಬದಲಾಗಿದ್ದರೆ ಮನೆಯನ್ನು ಬಿಟ್ಟು ಬದಲಾಗದ ಜಾಗಕ್ಕೆ ಹೋಗಿ: ಕೆರೆಯ ಏರಿ, ದೇವಸ್ಥಾನದ ಪ್ರಾಂಗಣ, ಹೊಳೆಯ ದಡ, ಶಾಲೆಯ ಮೈದಾನ. ಹೊರದೇಶಗಳಲ್ಲಿ ಮಕ್ಕಳ ಜೊತೆಗಿರುವ ಕನ್ನಡದ ಹಿರಿಯರಿಗೆ ಇಂತಹ ಹತ್ತು ನಿಮಿಷ ಎಷ್ಟು ದೊಡ್ಡದೆಂಬುದನ್ನು ಅವರನ್ನು ನೋಡಿಕೊಳ್ಳುವವರು ಬಲ್ಲರು.

ತೀರಿಕೊಂಡ ಸಂಗಾತಿಯ ವಿಡಿಯೊ ತೋರಿಸಬಹುದೇ?

ಹೆಡ್‌ಸೆಟ್‌ನಲ್ಲಿ ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಗಂಡ ಬದುಕಿಲ್ಲ ಎಂಬುದನ್ನು ಮರೆತಿರುವ ತಾಯಿಗೆ ಅವರು ಎದುರಿಗೇ ಕುಳಿತಂತೆ ಕಾಣಿಸಿ, ಹತ್ತು ನಿಮಿಷದ ನಂತರ ಇಲ್ಲವಾದರೆ ಆ ಅಗಲಿಕೆಯನ್ನು ಅವರು ಹೊಸದಾಗಿ ಅನುಭವಿಸಬೇಕಾಗುತ್ತದೆ. ಹಳೆಯ ಆಲ್ಬಮ್ಮಿನ ಫೋಟೊ ಕೈಯಲ್ಲಿ ಹಿಡಿದು ನೋಡುವಾಗ ಅದು ಫೋಟೊ ಎಂಬ ಅರಿವು ಉಳಿದಿರುತ್ತದೆ. ಅದೇ ಸಾಕು.

ಇಲ್ಲದ ಜಾಗವನ್ನು ತೋರಿಸುವುದು ಅವರನ್ನು ಮೋಸಗೊಳಿಸಿದಂತಲ್ಲವೇ?

ಈ ಆತಂಕ ನ್ಯಾಯವಾದುದು. ಪ್ರತಿ ಸಲವೂ ಇದು ನೋಡುವ ಸಾಧನ ಎಂದು ಹೇಳಿಯೇ ಹಾಕಬೇಕು, ಮತ್ತು ಪ್ರತಿ ಸಲವೂ ಒಪ್ಪಿಗೆ ಕೇಳಬೇಕು. ನಿನ್ನೆ ಹೂಂ ಎಂದದ್ದು ಇವತ್ತಿನ ಒಪ್ಪಿಗೆಯಾಗುವುದಿಲ್ಲ. ಮಾತು ನಿಂತವರಲ್ಲಿ ಮುಖ ತಿರುಗಿಸುವುದೂ ಕೈ ತಳ್ಳುವುದೂ ಬೇಡವೆಂಬ ಉತ್ತರವೇ. ನೋಡುತ್ತಿರುವಾಗ ಅವರು ಅಲೆಯನ್ನು ಮುಟ್ಟಲು ಕೈ ಚಾಚಿದರೆ ಅಥವಾ “ಸೀರೆ ಒದ್ದೆಯಾಗುತ್ತೆ” ಎಂದರೆ ತಿದ್ದಿ ಮುಜುಗರಪಡಿಸುವ ಅಗತ್ಯವಿಲ್ಲ, “ನೀರು ತಣ್ಣಗಿದೆಯೇನಮ್ಮ?” ಎಂದು ಕೇಳಬಹುದು. ಆದರೆ ಗಲಾಟೆ ಮಾಡುತ್ತಾರೆಂದು, ಸಿಬ್ಬಂದಿ ಸಾಲದೆಂದು ಅವರನ್ನು ಸುಮ್ಮನಿರಿಸಲು ಹೆಡ್‌ಸೆಟ್ ತೊಡಿಸುವುದು ತಪ್ಪು. ಅವರು ಅದನ್ನು ಹಾಕಿಕೊಂಡಿರುವ ಫೋಟೊ, ವಿಡಿಯೊಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚುವುದೂ ತಪ್ಪು.

ಯಾವ ಬಗೆಯ ಉಪಕರಣ ಬೇಕು? ಸ್ವಚ್ಛತೆ ಹೇಗೆ?

ಫೋನನ್ನು ಸಿಕ್ಕಿಸುವ ರಟ್ಟಿನ ಅಥವಾ ಪ್ಲಾಸ್ಟಿಕ್ಕಿನ ಪೆಟ್ಟಿಗೆ ಅಗ್ಗ. ಇಷ್ಟವಾಗುತ್ತದೆಯೋ ಇಲ್ಲವೋ ಎಂದು ತಿಳಿಯಲು ಅಷ್ಟು ಸಾಕು. ಆಗಾಗ ಬಳಸುವುದಾದರೆ, ಫೋನಾಗಲಿ ಕಂಪ್ಯೂಟರಾಗಲಿ ಬೇಕಿಲ್ಲದ ಸ್ವತಂತ್ರ ಹೆಡ್‌ಸೆಟ್ ಒಳ್ಳೆಯದು. ಕನ್ನಡಕದ ಮೇಲೆಯೇ ಹಾಕಲು ಬರುತ್ತದೆಯೇ, ಕಣ್ಣುಗಳ ನಡುವಿನ ಅಂತರಕ್ಕೆ ಮಸೂರಗಳನ್ನು ಹೊಂದಿಸಬಹುದೇ, ತಲೆಯ ಹಿಂದೆ ತೂಕ ಹಂಚುವ ಗಟ್ಟಿ ಪಟ್ಟಿ ಇದೆಯೇ ಎಂಬುದನ್ನು ನೋಡಿ ಕೊಳ್ಳಿ. ಶ್ರವಣಯಂತ್ರ ಇರುವವರಿಗೆ ಪಟ್ಟಿ ತಾಗಿ ಕಿವಿಯಲ್ಲಿ ಸಿಳ್ಳೆಯಂತಹ ಸದ್ದು ಬರಬಹುದು.

ಕೇಂದ್ರಗಳಲ್ಲಿ ಒಂದೇ ಹೆಡ್‌ಸೆಟ್ಟನ್ನು ಹಲವರಿಗೆ ಬಳಸುವಾಗ ಮುಖಕ್ಕೆ ತಾಗುವ ಸ್ಪಂಜಿನ ಬದಲು ಒರೆಸಬಹುದಾದ ಸಿಲಿಕೋನ್ ಹೊದಿಕೆ ಹಾಕಿ, ಪ್ರತಿಯೊಬ್ಬರ ನಂತರವೂ ಒರೆಸಬೇಕು. ಮಸೂರಗಳನ್ನು ಮಾತ್ರ ಮೆತ್ತನೆಯ ಒಣ ಬಟ್ಟೆಯಿಂದ ಒರೆಸಬೇಕು, ಸ್ಯಾನಿಟೈಸರ್ ಸೋಕಿಸಬಾರದು. ಕಿಟಕಿಯ ಬಿಸಿಲಿಗೆ ಇಟ್ಟರೆ ಮಸೂರ ಬಿಸಿಲನ್ನು ಒಂದೆಡೆ ಸೇರಿಸಿ ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ.

ಕಾಯಿಲೆಯನ್ನು ಪತ್ತೆ ಹಚ್ಚಲೂ ವಿಆರ್ ಬಳಸುತ್ತಾರಂತೆ, ನಿಜವೇ?

ಸಂಶೋಧನೆಯ ಹಂತದಲ್ಲಿ ನಿಜ. ಕೇಂಬ್ರಿಡ್ಜ್‌ನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೌಮ್ಯ ಮರೆವಿನ ತೊಂದರೆಯಿದ್ದ 45 ಮಂದಿ ಹೆಡ್‌ಸೆಟ್ ಹಾಕಿಕೊಂಡು ಸ್ವಲ್ಪ ದೂರ ನಡೆದು ಹೊರಟ ಜಾಗಕ್ಕೇ ಮರಳಬೇಕಿತ್ತು. ಅವರಲ್ಲಿ ಆಲ್‌ಝೈಮರ್ಸ್‌ನ ಜೈವಿಕ ಲಕ್ಷಣಗಳಿದ್ದವರು ಹೆಚ್ಚು ದಾರಿ ತಪ್ಪಿದರು. ಮನೆಯಲ್ಲಿ ನೀವು ತೋರಿಸುವ ವಿಡಿಯೊಗೂ ಈ ಪರೀಕ್ಷೆಗೂ ಸಂಬಂಧವಿಲ್ಲ.

ಆರೈಕೆ ಮಾಡುವವರಿಗೂ ವಿಆರ್‌ನಿಂದ ಪ್ರಯೋಜನವಿದೆಯೇ?

ಇದೆ. ಡಿಮೆನ್ಶಿಯಾ ಇರುವವರಿಗೆ ಲೋಕ ಹೇಗೆ ತೋರುತ್ತದೆ ಎಂಬುದನ್ನು ಉಳಿದವರು ಅನುಭವಿಸಿ ತಿಳಿಯಲೆಂದು ಬ್ರಿಟನ್ನಿನ ಆಲ್‌ಝೈಮರ್ಸ್ ರಿಸರ್ಚ್ ಯುಕೆ ಸಂಸ್ಥೆ 2016ರಲ್ಲಿ ಆ್ಯಪ್ ಒಂದನ್ನು ಹೊರತಂದಿತು. ಅಂಗಡಿಯಲ್ಲಿ, ಬೀದಿಯಲ್ಲಿ, ಮನೆಯಲ್ಲಿ ಎದುರಾಗುವ ಗೊಂದಲಗಳನ್ನು ಅದು ಒಳಗಿನಿಂದ ತೋರಿಸುತ್ತದೆ. ನೆಲದ ಮೇಲಿನ ಕಪ್ಪು ಚಾಪೆ ಕೆಲವರಿಗೆ ಗುಂಡಿಯಂತೆ ಕಾಣಬಹುದು ಎಂಬುದು ತಿಳಿದ ಮೇಲೆ “ಹಠ ಮಾಡ್ತಾರೆ” ಎಂಬ ಮಾತು ಬಾಯಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಕರ್ನಾಟಕದಲ್ಲಿ ಯಾರನ್ನು ಕೇಳಬೇಕು?

ಮೊದಲು ಕಾಯಿಲೆ ಯಾವ ಬಗೆಯದೆಂದು ಖಚಿತವಾಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರ ಮಾನಸಿಕ ಆರೋಗ್ಯಕ್ಕೆ ಮೀಸಲಾದ ಸೇವೆಯಿದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಗರದಲ್ಲಿ ಡಿಮೆನ್ಶಿಯಾ ಆರೈಕೆ ಕೇಂದ್ರ ನಡೆಸುತ್ತಿದೆ. ಡಿಮೆನ್ಶಿಯಾ ಇರುವವರಿಗಾಗಿ ಕೆಲಸ ಮಾಡುವ, 1992ರಲ್ಲಿ ಕೇರಳದಲ್ಲಿ ಆರಂಭವಾದ ಎಆರ್‌ಡಿಎಸ್‌ಐ ಸಂಸ್ಥೆಯ ಶಾಖೆಯೂ ಬೆಂಗಳೂರಿನಲ್ಲಿದೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416. ವಿಆರ್ ತೋರಿಸುವ ಯೋಚನೆಯಿದೆ ಎಂದು ನೋಡುತ್ತಿರುವ ವೈದ್ಯರಿಗೆ ಹೇಳಿ, ಫಿಟ್ಸ್, ತಲೆಸುತ್ತು, ಇಲ್ಲದ್ದು ಕಾಣುವ ತೊಂದರೆ ಈ ಮೂರರ ಬಗ್ಗೆ ವಿಶೇಷವಾಗಿ ಕೇಳಿ.

ಇಷ್ಟಪಟ್ಟು ನೋಡುತ್ತಿದ್ದವರು ಈಗ ಬೇಡ ಎನ್ನುತ್ತಾರೆ. ಏನು ಮಾಡಬೇಕು?

ಕಾಯಿಲೆ ಮುಂದುವರಿದಂತೆ ಇದು ಆಗುವಂಥದ್ದೇ. ಹೆಡ್‌ಸೆಟ್ಟನ್ನು ಎತ್ತಿಟ್ಟು, ಅದೇ ವಿಡಿಯೊವನ್ನು ಟಿವಿಯಲ್ಲಿ ಹಾಕಿ ನೋಡಿ. ಅದೂ ಬೇಡವಾದರೆ ಸದ್ದನ್ನಷ್ಟೇ ಕೇಳಿಸಿ, ಮಲ್ಲಿಗೆಯನ್ನೋ ಕರಿಬೇವಿನ ಎಸಳನ್ನೋ ಕೈಗೆ ಕೊಡಿ. ಕೆಲವು ವಾರ ಬಿಟ್ಟು ಮತ್ತೊಮ್ಮೆ ಕೇಳಬಹುದು, ಒತ್ತಾಯಿಸಬಾರದು. ಆದರೆ ಈ ಬದಲಾವಣೆ ನಿಧಾನವಾಗಿ ಬಾರದೆ ಒಂದೆರಡು ದಿನಗಳಲ್ಲೇ ಬಂದಿದ್ದರೆ, ಜೊತೆಗೆ ಮಂಪರು, ಹೊಸ ಗೊಂದಲ, ಊಟ ಬಿಡುವುದು ಇವೂ ಕಂಡರೆ ಅದು ಡಿಮೆನ್ಶಿಯಾ ಹೆಚ್ಚಾದ ಲಕ್ಷಣವೆಂದು ಸುಮ್ಮನಿರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನಿರ್ಜಲೀಕರಣ, ಹೇಳಿಕೊಳ್ಳಲಾಗದ ನೋವು ಅಥವಾ ಹೊಸ ಔಷಧಿ ಇದಕ್ಕೆ ಕಾರಣವಾಗಿರಬಹುದು. ಇವುಗಳಿಗೆ ಚಿಕಿತ್ಸೆಯಿದೆ, ಅದೇ ದಿನ ವೈದ್ಯರಿಗೆ ತೋರಿಸಿ.